ಹನ್ನೆರಡು ಮುಳ್ಳಿನ ನಕ್ಷತ್ರ

"ಹನ್ನೊಂದು," ಎಂದ ಬೈಲಪ್ಪ.

"ಹನ್ನೆರಡು," ಎಂದರು ಸಂಜೀವಯ್ಯ.

"ಹನ್ನೊಂದೇ ಸಾರ್. ಸರ್ವೀಸೆಲ್ಲಾ ಬಸ್ಸಲ್ಲಿ ತಲೆ ಎಣಿಸಿದ್ದೀನಿ. ಎಣಿಕೇಲಿ ನಂಗೆ ಮೋಸ ಆಗಲ್ಲ."

"ಎಲ್ಲಿಂದ ಶುರು ಮಾಡಿದ್ರಿ?"

"ಮೇಲಿಂದ."

"ಶುರು ಮಾಡಿದ ಮುಳ್ಳನ್ನೇ ಬಿಟ್ಬಿಟ್ರಲ್ಲ."

ಬೈಲಪ್ಪ ಮತ್ತೆ ಮೊಬೈಲಿಗೆ ಮೂಗು ತಾಗಿಸಿ ಎಣಿಸಿದ. ಈ ಸಲ ಹದಿಮೂರು ಬಂತು. ಇಂದ್ರಾಣಿ ಗಂಡನ ಕೈಯಿಂದ ತನ್ನ ಮೊಬೈಲು ಕಿತ್ತುಕೊಂಡಳು. ಪರ್ಸಿನಿಂದ ಒಂದು ಸ್ಟಿಕ್ಕರ್ ಬಿಂದಿ ತೆಗೆದು, ಪರದೆಯ ಮೇಲಿದ್ದ ಮೊದಲ ಮುಳ್ಳಿಗೆ ಅಂಟಿಸಿ, ಅಲ್ಲಿಂದ ಬಲಕ್ಕೆ ಒಂದೊಂದಾಗಿ ಎಣಿಸುತ್ತಾ ಮತ್ತೆ ಬಿಂದಿಯ ಹತ್ತಿರ ಬಂದು ನಿಂತಳು.

"ಹನ್ನೆರಡು."

"ಅದನ್ನೇ ನಾನೂ ಹೇಳ್ತಿದ್ದಿದ್ದು," ಎಂದ ಬೈಲಪ್ಪ.

ಪರದೆಯಲ್ಲಿದ್ದದ್ದು ಹುಳಿಮಾವಿನ ಯಾವುದೋ ಕಲ್ಯಾಣ ಮಂಟಪದಲ್ಲಿ ಶುಕ್ರವಾರ ನಡೆದ ನಾಮಕರಣದ ಫೋಟೊ. ತೊಟ್ಟಿಲಲ್ಲಿ ಮಗು ನಿದ್ದೆ ಹೋಗಿತ್ತು. ಅದರ ರೆಪ್ಪೆಗೂದಲು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ತೊಟ್ಟಿಲ ಹಿಂದೆ ಉರಿಯುತ್ತಿದ್ದ ಒಂದು ಬಲ್ಬಿನಿಂದ ಸೂಜಿಯಂಥ ಬೆಳಕಿನ ಮುಳ್ಳುಗಳು ಸುತ್ತಲೂ ಚಾಚಿ ನಕ್ಷತ್ರವಾಗಿದ್ದವು. ಫೋಟೋಗ್ರಾಫರ್ ಮಹೇಶ್ ಇವತ್ತು ಬೆಳಿಗ್ಗೆ ಅದನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ. ನೋಡಿದ ಸಂಜೀವಯ್ಯನವರು ಸ್ನಾನವನ್ನೂ ಮಾಡದೆ ಅದನ್ನು ಇಂದ್ರಾಣಿಗೆ ಕಳಿಸಿ ಫೋನ್ ಮಾಡಿದ್ದರು.

"ಮೇಡಂ, ಲೆನ್ಸ್ ಒಳಗೆ ತೆಳು ಲೋಹದ ಎಲೆಗಳಿರ್ತವೆ. ಬೆಳಕು ಬರೋ ಕಿಂಡೀನ ದೊಡ್ಡದು ಚಿಕ್ಕದು ಮಾಡೋದು ಅವೇ," ಸಂಜೀವಯ್ಯ ಎರಡೂ ಕೈಬೆರಳು ಸೇರಿಸಿ ಕಮಲದ ಮೊಗ್ಗು ಮಾಡಿ ತೋರಿಸಿದರು. "ಕಿಂಡಿ ಚಿಕ್ಕದು ಮಾಡಿ ದೀಪದ ಫೋಟೊ ತೆಗೆದ್ರೆ ದೀಪಕ್ಕೆ ಮುಳ್ಳು ಬರುತ್ತೆ. ನನ್ನ ಮಂಗಳಾಗೆ ಹನ್ನೆರಡು ಎಲೆ. ಹನ್ನೆರಡು ಎಲೆಗೆ ಹನ್ನೆರಡು ಮುಳ್ಳು."

"ಮಹೇಶನ ಹತ್ರ ಇರೋ ಲೆನ್ಸಲ್ಲೂ ಹನ್ನೆರಡು ಇರಬಹುದಲ್ಲ ಸಾರ್?"

"ಅವನ ಲೆನ್ಸೆಲ್ಲಾ ಕ್ಲೀನಿಂಗ್‌ಗೆ ಬರೋದು ನನ್ನ ಹತ್ರಾನೇ. ಒಂದರಲ್ಲೂ ಇಲ್ಲ." ಬೆರಳ ಮೊಗ್ಗು ಬಿಚ್ಚಿಕೊಂಡಿತು. "ನನ್ನ ಲೆನ್ಸಲ್ಲಿ ಯಾರ್ದೋ ಮಗೂಗೆ ನಾಮಕರಣ ಮಾಡಿಬಿಟ್ಟಿದ್ದಾನೆ ಮೇಡಂ ಅವನು."

ಸಂಜೀವಯ್ಯನವರು ಎಂಟು ವರ್ಷ ಕೂತು ಮಾಡಿದ 'ಮಂಗಳಾ' ಎಂಬ ಲೆನ್ಸು ಪೆಟ್ಟಿಗೆಯಿಂದ ಮಾಯವಾಗಿ ಅದರ ಜಾಗದಲ್ಲಿ ಒಂದು ಅಚ್ಚು ಬೆಲ್ಲ ಸಿಕ್ಕಿದ್ದು ನಿನ್ನೆ. ಅದನ್ನು ಪತ್ತೆ ಮಾಡಿದ ಕೀರ್ತಿ ಇರುವೆಗಳದ್ದು.

ಇಂದ್ರಾಣಿಗೆ ಇಂಥ ಕೇಸು ಹೊಸದು. ಚಿಕ್ಕಲಸಂದ್ರದಲ್ಲಿ ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಪತ್ತೇದಾರಿ ಕಚೇರಿ. ಬರುವುದೆಲ್ಲಾ ಗಂಡಿನ ಕಡೆಯವರ ಬಗ್ಗೆ ವಿಚಾರಿಸುವ ಕೆಲಸ. ಹುಡುಗ ನಿಜವಾಗಿ ಕೆಲಸದಲ್ಲಿದ್ದಾನಾ, ಕುಡಿಯುತ್ತಾನಾ, ತಲೆಗೂದಲು ಅವನದೇನಾ. ಹೆಚ್ಚೆಂದರೆ ಕಳೆದುಹೋದ ನಾಯಿ. ನಿನ್ನೆಯಿಂದ ಅವಳು ಕಲಿತದ್ದಿಷ್ಟು: ಈಗಿನ ಕ್ಯಾಮೆರಾಗಳು ಫೋಕಸನ್ನು ತಾವೇ ಮಾಡಿಕೊಳ್ಳುತ್ತವೆ. ಆದರೂ ಊರು ತುಂಬ ಜನ, ಮೋಟಾರಿಲ್ಲದ, ಕರೆಂಟಿಲ್ಲದ, ಬೆರಳಲ್ಲಿ ಉಂಗುರ ತಿರುಗಿಸಿ ಫೋಕಸ್ ಮಾಡಬೇಕಾದ ಹೊಸ ಲೆನ್ಸಿಗೆ ಮುಗಿಬೀಳುತ್ತಿದ್ದಾರೆ.

"ತಾನಾಗೇ ಆಗೋದು ಬಿಟ್ಟು ಯಾಕೆ ತಿರುಗಿಸ್ಬೇಕು?" ಎಂದು ಬೈಲಪ್ಪ ನಿನ್ನೆ ಕೇಳಿದ್ದ.

"ನಿಮಗೆ ಬೋರ್‌ವೆಲ್ ಮೋಟಾರ್ ಇದೆ. ಆದ್ರೂ ಬೆಳಿಗ್ಗೆ ಪೈಪ್ ಹಿಡ್ಕೊಂಡು ಒಂದೊಂದು ಕುಂಡಕ್ಕೂ ನೀರು ಬಿಡ್ತೀನಿ ಅಂದ್ರಲ್ಲ, ಯಾಕೆ?" ಎಂದು ಸಂಜೀವಯ್ಯ ಕೇಳಿದ್ದರು. ಬೈಲಪ್ಪನಿಗೆ ಅರ್ಥವಾಗಿತ್ತು.

ದೊಡ್ಡ ಕಾರ್ಖಾನೆಯೊಂದರ ಲೆನ್ಸ್ ವಿಭಾಗದಿಂದ ನಿವೃತ್ತರಾದ ಮೇಲೆ ಸಂಜೀವಯ್ಯ ಇಟ್ಟಮಡುವಿನ ಈ ಮನೆಯ ಕಾರ್ ಶೆಡ್ಡಿನಲ್ಲಿ ಗಾಜು ಉಜ್ಜಲು ಕೂತವರು. ನಾಳೆ ಪುಣೆಯಿಂದ ಒಂದು ಕಂಪನಿಯವರು ಬರುತ್ತಾರೆ. ಮೆಚ್ಚಿದರೆ ಮಂಗಳಾ ಸಾವಿರಗಟ್ಟಲೆ ತಯಾರಾಗುತ್ತದೆ. ಮೆಚ್ಚಲಿಕ್ಕೆ ಮೊದಲು ಅದು ಕೈಯಲ್ಲಿರಬೇಕು. ಇದ್ದದ್ದು ಒಂದೇ ಒಂದು.

"ಗುರುವಾರ ಮಹಡಿ ಮೇಲೆ ಕಾಫಿಗೆ ಬಂದಿದ್ದೋರು ಮೂರೇ ಜನ ಅಂದ್ರಲ್ಲ," ಇಂದ್ರಾಣಿ ನೆನಪಿಸಿದಳು.

"ಮೂರೇ. ಮಹೇಶ. ಆಮೇಲೆ ಬಿಟಿಎಂನಿಂದ ಆ ಹುಡುಗಿ ಪ್ರಕೃತಿ, ಯೂಟ್ಯೂಬಲ್ಲಿ ಲೆನ್ಸುಗಳ ಬಗ್ಗೆ ಮಾತಾಡ್ತಾಳಲ್ಲ, ಅವಳು. ಮತ್ತೆ ನಮ್ಮ ಸಿದ್ದರಾಜು. ಲೆನ್ಸಿನ ಹಿತ್ತಾಳೆ ಮೈಯನ್ನ ಲೇತಲ್ಲಿ ಕಡೆದುಕೊಟ್ಟೋನು ಅವನೇ. ಮೂವರೂ ಕೈಗೆ ತಗೊಂಡು ತಿರುಗಿಸಿ ನೋಡಿದ್ರು. ಆಮೇಲೆ ಪೆಟ್ಟಿಗೆಗೆ ಹೋಯ್ತು, ಪೆಟ್ಟಿಗೆ ಷೋಕೇಸಿಗೆ ಹೋಯ್ತು. ನಾಳೆ ಪುಣೆಯವರ ಮುಂದೇನೇ ತೆಗೀಬೇಕು ಅಂತ ನಾನು ಮುಟ್ಟೇ ಇಲ್ಲ. ನಿನ್ನೆ ನೋಡಿದ್ರೆ ಷೋಕೇಸಿನ ಗಾಜಿನ ಮೇಲೆ ಇರುವೆ ಸಾಲು."

ಸಂಜೀವಯ್ಯನವರ ಹೆಂಡತಿ ಸರ್ವಮಂಗಳಮ್ಮ ಕಾಫಿ ತಂದಿಟ್ಟರು. ಲೆನ್ಸಿಗೆ ಇಟ್ಟದ್ದು ಅವರದೇ ಹೆಸರು. ಬಂದಾಗಲೆಲ್ಲಾ ಕಾಫಿ ಕೊಟ್ಟು, ಲೋಟ ತೆಗೆದುಕೊಂಡು ಒಳಗೆ ಹೋಗುವ, ಮಾತು ಕಮ್ಮಿಯ ಹೆಂಗಸು.

"ಮೇಡಂ ಬೆಲ್ಲದ ವಿಷಯ ಕೇಳಿದ್ರಲ್ಲ ನಿನ್ನೆ," ಎಂದರು. "ನಮ್ಮನೇಲಿ ಬಕೆಟ್ ಬೆಲ್ಲ. ಅಚ್ಚು ಬೆಲ್ಲ ನಾವು ತರೋದೇ ಇಲ್ಲ. ಬೇಕಾದ್ರೆ ಅಡುಗೆಮನೆ ನೋಡಿ."

"ನೋಡಿದ್ದಾಯ್ತು ಬಿಡಿ ಅಮ್ಮಾ," ಎಂದಳು ಇಂದ್ರಾಣಿ. ಅಂದರೆ ಬೆಲ್ಲ ಹೊರಗಿನಿಂದ ಬಂದದ್ದು. ಲೆನ್ಸಿನಷ್ಟೇ ದಪ್ಪ, ಹೆಚ್ಚುಕಮ್ಮಿ ಲೆನ್ಸಿನಷ್ಟೇ ತೂಕ. ಪೆಟ್ಟಿಗೆ ಎತ್ತಿ ನೋಡಿದವರಿಗೆ ಅನುಮಾನ ಬರಬಾರದೆಂದು ಯಾರೋ ಯೋಚಿಸಿ ತಂದಿದ್ದರು. ಇರುವೆಗಳ ಬಗ್ಗೆ ಮಾತ್ರ ಯೋಚಿಸಿರಲಿಲ್ಲ.

"ಬುದ್ಧಿವಂತ, ಆದ್ರೆ ಅಡುಗೆಮನೆಗೆ ಕಾಲಿಡೋನಲ್ಲ," ಎಂದ ಬೈಲಪ್ಪ. "ಗಂಡಸೇ."

ಇಂದ್ರಾಣಿಗೂ ಅದು ಸರಿ ಎನಿಸಿತು. ಎದ್ದು, ಸಂಜೀವಯ್ಯನವರ ಹಳೇ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಕೇಳಿ ಪಡೆದು, ತರಕಾರಿ ಚೀಲದಲ್ಲಿ ಕರಿಬೇವಿನ ಸೊಪ್ಪಿನ ಕೆಳಗೆ ಇಟ್ಟುಕೊಂಡಳು.

ಭಾನುವಾರದ ಬನ್ನೇರುಘಟ್ಟ ರಸ್ತೆ ಭಾನುವಾರದಂತೆ ಕಾಣುತ್ತಿರಲಿಲ್ಲ. ಸ್ಕೂಟರ್ ಓಡಿಸುತ್ತಿದ್ದ ಮಾಜಿ ಕಂಡಕ್ಟರ್ ಬೈಲಪ್ಪ ಪ್ರತಿ ಸ್ಟಾಪಿನಲ್ಲೂ ಅಭ್ಯಾಸಬಲದಿಂದ ನಿಧಾನ ಮಾಡುತ್ತಿದ್ದ.

"ರೀ, ಯಾರೂ ಇಳಿಯಲ್ಲ. ಹೋಗಿ," ಎನ್ನುತ್ತಿದ್ದಳು ಇಂದ್ರಾಣಿ ಹಿಂದಿನಿಂದ.

"ಇವತ್ತು ಪ್ರಶ್ನೆ ನಾನು ಕೇಳ್ತೀನಿ ಇಂದ್ರಾ. ಟಿಕೆಟ್ ತಗೊಳ್ದೇ ಕೂತೋನ ಮುಖ ನಂಗೆ ಗೊತ್ತಾಗುತ್ತೆ."

"ನೀವು ಸುಮ್ನೆ ನನ್ನ ಪಕ್ಕ ನಿಂತ್ಕೊಂಡು ನಗಿ. ಅಷ್ಟು ಸಾಕು."

"ನಗೋದಾ? ಯಾಕೆ?"

"ಫೋಟೊ ತೆಗೆಸ್ಕೋತಿದ್ದೀವಿ."

ಬೈಲಪ್ಪ ತಕ್ಷಣ ಕನ್ನಡಿಯಲ್ಲಿ ಕ್ರಾಪು ನೋಡಿಕೊಂಡ. ಆಮೇಲೆ ದಾರಿಯುದ್ದಕ್ಕೂ ನಗುವುದನ್ನು ಅಭ್ಯಾಸ ಮಾಡಿದ.

ಹುಳಿಮಾವಿನ ಕೆರೆಗೆ ಹೋಗುವ ರಸ್ತೆಯಲ್ಲಿ ಟೈರ್ ಅಂಗಡಿಯ ಮಹಡಿ ಮೇಲೆ ಮಹೇಶನ ಸ್ಟುಡಿಯೊ. ಮಹೇಶ್ ನಲವತ್ತು ದಾಟಿದ ದಪ್ಪನೆಯ ಮನುಷ್ಯ. ಜೇಬುಗಳೇ ತುಂಬಿದ ಕೋಟು. ಗೋಡೆಗೆ ಜಲಪಾತದ ಪರದೆ ಇಳಿಬಿಟ್ಟಿದ್ದ.

"ಬನ್ನಿ ಮೇಡಂ, ಬನ್ನಿ ಅಂಕಲ್. ಪಾಸ್‌ಪೋರ್ಟ್ ಸೈಜಾ, ಫ್ಯಾಮಿಲೀನಾ?"

"ಫ್ಯಾಮಿಲಿ," ಎಂದಳು ಇಂದ್ರಾಣಿ. "ಮದುವೆ ಆದಾಗಿಂದ ಇಬ್ರೂ ಸರಿಯಾಗಿ ಒಂದು ಫೋಟೊ ತೆಗೆಸಿಲ್ಲ. ಆದ್ರೆ ನಮ್ಮ ಕ್ಯಾಮೆರಾದಲ್ಲೇ ತೆಗೀಬೇಕು."

ಚೀಲಕ್ಕೆ ಕೈ ಹಾಕಿ ಕ್ಯಾಮೆರಾ ತೆಗೆದಳು. ಒಂದೆಸಳು ಕರಿಬೇವು ಅದರ ಮೇಲೇ ಕೂತಿತ್ತು. ಮಹೇಶನ ನಗು ಅರ್ಧಕ್ಕೆ ನಿಂತಿತು.

"ಇದು... ಇದು ಸಂಜೀವಯ್ಯ ಸಾರ್ ಕ್ಯಾಮೆರಾ ಅಲ್ವಾ?"

"ಅವರು ನಮ್ಗೆ ಬೇಕಾದವರು."

"ಕ್ಯಾಮೆರಾ ಸಖತ್ತಾಗಿದೆ. ಆದ್ರೆ ಮೇಡಂ, ನಂದರಲ್ಲಿ ತೆಗೆದ್ರೆ ಇನ್ನೂ..."

"ಇದರಲ್ಲೇ," ಎಂದಳು ಇಂದ್ರಾಣಿ.

ಗಂಡ ಹೆಂಡತಿ ಜಲಪಾತದ ಮುಂದೆ ನಿಂತರು. ಬೈಲಪ್ಪ ಹೊಟ್ಟೆ ಒಳಗೆಳೆದುಕೊಂಡು ಉಸಿರು ಹಿಡಿದ. ಮಹೇಶ್ ಕ್ಯಾಮೆರಾವನ್ನು ಕಣ್ಣಿಗೇರಿಸಿ ಗುಂಡಿಯನ್ನು ಅರ್ಧ ಒತ್ತಿ ಕಾದ. ಕಾಯುತ್ತಲೇ ಇದ್ದ.

"ಏನು ಕಾಯ್ತಿದ್ದೀರಾ?" ಇಂದ್ರಾಣಿ ಕೇಳಿದಳು.

"ಬೀಪ್ ಅನ್ಲಿ ಅಂತ."

"ಅದು ಬೀಪ್ ಅನ್ನಲ್ವಂತೆ. ನೀವೇ ತಿರುಗಿಸ್ಬೇಕಂತೆ."

"ಹಾಂ, ಹಾಂ, ಗೊತ್ತು." ಮಹೇಶ್ ಉಂಗುರವನ್ನು ಆ ಕಡೆ ಈ ಕಡೆ ತಿರುಗಿಸಿ ಗುಂಡಿ ಒತ್ತಿದ. ಕ್ಯಾಮೆರಾದ ಹಿಂದಿನ ಪರದೆ ನೋಡಿದ. ಅದು ಕಡುಗಪ್ಪಾಗಿತ್ತು. ಮತ್ತೊಂದು ತೆಗೆದ. ಅದೂ ಕಪ್ಪು.

"ಮುಚ್ಚಳ ತೆಗೀರಿ," ಎಂದಳು ಇಂದ್ರಾಣಿ.

ಲೆನ್ಸಿನ ಮುಚ್ಚಳ ಹಾಕಿದ್ದ ಹಾಗೇ ಇತ್ತು. ರೇಂಜ್‌ಫೈಂಡರಿನಲ್ಲಿ ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ. ಲೆನ್ಸಿಗೆ ಗೋಣಿಚೀಲ ಹೊದಿಸಿದರೂ ನೋಡುವವನಿಗೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ನಿನ್ನೆ ಇಂದ್ರಾಣಿಯೂ ಹೀಗೇ ಸಂಜೀವಯ್ಯನವರ ಇಡೀ ಮನೆಯ ಕಪ್ಪು ಫೋಟೊ ತೆಗೆದಿದ್ದಳು. ಅದಕ್ಕೇ ಅವಳಿಗೆ ಗೊತ್ತು.

ಮಹೇಶ್ ಬೆವರೊರೆಸಿಕೊಂಡು ಮುಚ್ಚಳ ತೆಗೆದ. ಉಂಗುರದ ಮೇಲಿನ ಅಂಕಿ ಓದಲು ಕ್ಯಾಮೆರಾವನ್ನು ಮುಖದಿಂದ ದೂರ ಹಿಡಿದ. ಇನ್ನೂ ದೂರ ಹಿಡಿದ. ಕೈ ಪೂರ್ತಿ ಚಾಚಿ, ಕತ್ತು ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿದ. ಚಾಳೀಸು ಬಂದರೂ ಕನ್ನಡಕ ಬೇಡ ಎನ್ನುವವರು ಪೇಪರ್ ಓದುವ ಹಾಗೆ.

ಇಂದ್ರಾಣಿ ಅದನ್ನು ನೋಡಿದಳು.

ಕೊನೆಗೆ ಫೋಟೊ ಬಂತು. ಜಲಪಾತದ ಒಂದೊಂದು ಹನಿಯೂ ನಿಚ್ಚಳವಾಗಿತ್ತು. ಮುಂದೆ ನಿಂತಿದ್ದ ಇಬ್ಬರು ಮಾತ್ರ ಹಬೆಯಲ್ಲಿಟ್ಟ ಎರಡು ಇಡ್ಲಿಗಳಂತೆ ಕಂಡರು.

"ಇದ್ರಲ್ಲಿ ನಾನು ಯಾರು?" ಕೇಳಿದ ಬೈಲಪ್ಪ, ಹೊಟ್ಟೆ ಬಿಡುತ್ತಾ.

ಇಂದ್ರಾಣಿ ತನ್ನ ಮೊಬೈಲು ತೆಗೆದು ತೊಟ್ಟಿಲ ಫೋಟೊವನ್ನು ಮಹೇಶನ ಮುಂದೆ ಹಿಡಿದಳು. ಬಿಂದಿ ಇನ್ನೂ ಅಂಟಿಕೊಂಡೇ ಇತ್ತು.

"ಇದು ಯಾವ ಲೆನ್ಸಲ್ಲಿ ತೆಗೆದಿದ್ದು ಅಂತ ನಂಗೆ ಗೊತ್ತು ಮಹೇಶ್. ಸಂಜೀವಯ್ಯನವರು ದೀಪ ನೋಡೇ ಹೇಳಿದ್ರು."

"ದೀಪಾನಾ? ಅದು ಫಿಲ್ಟರ್ ಮೇಡಂ. ಮೊಬೈಲಲ್ಲಿ ಬರುತ್ತೆ, ಸ್ಟಾರ್ ಎಫೆಕ್ಟು."

"ಯಾವ ಆ್ಯಪು? ನಂಗೂ ಹಾಕ್ಕೊಡಿ."

ಮಹೇಶ್ ಕೋಟಿನ ಒಂದೊಂದೇ ಜೇಬು ತಡಕಾಡಿದ.

"ಲೆನ್ಸು ಕದ್ದೋನು ನೀವೇ ಅಂದ್ಕೊಂಡು ಬಂದೆ," ಇಂದ್ರಾಣಿ ಮುಂದುವರಿಸಿದಳು. "ಈಗ ಹಾಗೆ ಅನ್ಸಲ್ಲ. ಈ ಫೋಟೊದಲ್ಲಿ ಮಗೂ ರೆಪ್ಪೆಗೂದಲು ಎಣಿಸಬಹುದು. ನಿಮಗೆ ಲೆನ್ಸಿನ ಮೇಲಿರೋ ಅಂಕಿ ಓದೋಕೂ ಆಗ್ತಿಲ್ಲ. ಇದು ನೀವು ತೆಗೆದಿದ್ದಲ್ಲ. ಯಾರು ತೆಗೆದ್ರು?"

"ನಾನೇ ತೆಗೆದಿದ್ದು."

"ಎಲ್ಲಿ ಹತ್ತಿದ್ದು?" ಎಂದ ಬೈಲಪ್ಪ ಗಡುಸಾಗಿ.

"ಏನು ಅಂಕಲ್?"

"ಹತ್ತಿದ್ದು ಎಲ್ಲಿ, ಇಳಿಯೋದು ಎಲ್ಲಿ? ಹಿಂದಿನ ಸ್ಟಾಪಲ್ಲೇ ಹತ್ತಿದ್ದು ಅಂತ ಎಲ್ರೂ ಹೇಳ್ತಾರೆ. ಮುಖ ನೋಡಿ ಹೇಳು ಮಗಾ."

ಪ್ರಶ್ನೆ ಏನೆಂದು ಮಹೇಶನಿಗೆ ಗೊತ್ತಾಗಲಿಲ್ಲ. ಆದರೂ ಅದರ ಮುಂದೆ ಅವನು ಕುಸಿದ. ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟ.

"ಕಣ್ಣು ಹೋಯ್ತು ಮೇಡಂ," ಎಂದ. "ಹೋಯ್ತು ಅಂದ್ರೆ ಪೂರ್ತಿ ಹೋಗಿಲ್ಲ. ಹತ್ರದ್ದು ಕಾಣಲ್ಲ. ಕನ್ನಡಕ ಹಾಕ್ಕೊಂಡು ಮದುವೆ ಮನೆಗೆ ಹೋದ್ರೆ, ಫೋಟೋಗ್ರಾಫರ್‌ಗೆ ವಯಸ್ಸಾಯ್ತು ಅಂತಾರೆ, ಮುಂದಿನ ಸಲ ಕರೆಯಲ್ಲ. ಆಟೋ ಫೋಕಸ್ ಇದೆ, ಹೇಗೋ ನಡೀತಿತ್ತು. ಈ ನಾಮಕರಣದ ಪಾರ್ಟಿಯವರು ಇನ್‌ಸ್ಟಾಗ್ರಾಮ್ ನೋಡ್ಕೊಂಡು ಬಂದ್ರು. 'ಮ್ಯಾನುಯಲ್ ಲೆನ್ಸ್ ಲುಕ್ಕೇ ಬೇಕು, ಈಗ ಎಲ್ಲಾರೂ ಅದರಲ್ಲೇ ತೆಗೆಸೋದು' ಅಂತ ಹಠ. ಆಯ್ತು ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಗುರುವಾರ ಸಾರ್ ಮನೇಲಿ ಕಾಫಿ ಕುಡೀವಾಗ ಅದನ್ನೇ ಹೇಳ್ಕೊಂಡೆ."

"ಯಾರ ಹತ್ರ?"

"ಅದು ಕೇಳ್ಬೇಡಿ ಮೇಡಂ. ಮಾತು ಕೊಟ್ಟಿದ್ದೀನಿ. ದೇವರಾಣೆ, ಲೆನ್ಸ್ ಕದ್ದಿದ್ದು ಅಂತ ನಂಗೆ ಗೊತ್ತಿರಲಿಲ್ಲ. ಸಾರ್‌ಗೆ ಹೇಳೇ ತಂದಿದ್ದಾರೆ ಅಂದ್ಕೊಂಡೆ."

"ಹೆಸರು ಹೇಳ್ಬೇಡಿ. ಅವತ್ತಿನ ವಿಡಿಯೋ ಇದ್ರೆ ತೋರ್ಸಿ. ಅದಕ್ಕೆ ನೀವು ಮಾತು ಕೊಟ್ಟಿಲ್ಲವಲ್ಲ."

ಮಾತಿಗೆ ತಪ್ಪದೆ ಪಾರಾಗುವ ದಾರಿ ಸಿಕ್ಕಿದ್ದಕ್ಕೆ ಮಹೇಶನ ಮುಖ ಹಗುರಾಯಿತು. ಮೊಬೈಲನ್ನು ದೂರ ಹಿಡಿದು, ಹುಡುಕಿ, ಇಂದ್ರಾಣಿಯ ಕೈಗೆ ಕೊಟ್ಟ.

ತೊಟ್ಟಿಲ ಸುತ್ತ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಅವರ ಮುಂದೆ, ಹಸಿರು ಮೈಸೂರು ರೇಷ್ಮೆ ಸೀರೆಯುಟ್ಟ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಒಂದು ಮೊಣಕಾಲೂರಿ, ಮಹೇಶನ ಕ್ಯಾಮೆರಾಕ್ಕೆ ಕಣ್ಣಿಟ್ಟು, ಎಡಗೈಯ ಎರಡು ಬೆರಳಲ್ಲಿ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ತಿರುಗಿಸಿದರು, ನಿಲ್ಲಿಸಿದರು, ಒತ್ತಿದರು. ಆಮೇಲೆ ಮುಖ ಎತ್ತಿ ನಕ್ಕರು.

ಆ ನಗುವನ್ನು ಇಂದ್ರಾಣಿ ಎಂದೂ ನೋಡಿರಲಿಲ್ಲ. ಮುಖವನ್ನು ನೋಡಿದ್ದಳು. ಇವತ್ತು ಬೆಳಿಗ್ಗೆಯೇ, ಕಾಫಿ ಲೋಟದ ಹಿಂದೆ.

"ಅಯ್ಯೋ, ಇವರು ಬಕೆಟ್ ಬೆಲ್ಲ," ಎಂದ ಬೈಲಪ್ಪ ಮೆಲ್ಲಗೆ.

ಇಟ್ಟಮಡುವಿಗೆ ಹಿಂತಿರುಗುವಾಗ ಇಂದ್ರಾಣಿಗೆ ತನ್ನ ಮೇಲೇ ಸಿಟ್ಟು ಬಂತು. ಎರಡು ದಿನದಿಂದ ಆ ಮನೆಯಲ್ಲಿ ಅವಳು ಇರುವೆ ಬಂದ ದಾರಿಯನ್ನೂ ಬಿಡದೆ ನೋಡಿದ್ದಳು. ಬೆಲ್ಲದ ಬಗ್ಗೆ ಬಿಟ್ಟರೆ ಸರ್ವಮಂಗಳಮ್ಮನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವರು ಕೊಟ್ಟ ಕಾಫಿ ಕುಡಿದು, ಚೆನ್ನಾಗಿದೆ ಅಂದಿದ್ದಳು, ಅಷ್ಟೆ.

ಸರ್ವಮಂಗಳಮ್ಮ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಸ್ಕೂಟರ್ ನಿಂತದ್ದು ನೋಡಿ, ಕೈಯಲ್ಲಿದ್ದ ದಂಟು ಮೊರದಲ್ಲಿ ಹಾಕಿದರು.

"ಹುಳಿಮಾವಿಗೆ ಹೋಗ್ಬಂದ್ರಾ?"

"ಹ್ಞೂಂ ಅಮ್ಮಾ."

"ಮಹೇಶ ಹೇಳಿದ್ನಾ?"

"ಹೇಳಲಿಲ್ಲ. ಅವರು ಮಾತು ತಪ್ಪಲಿಲ್ಲ."

"ಒಳ್ಳೇ ಹುಡುಗ," ಎಂದು ಎದ್ದರು. "ಬನ್ನಿ, ಒಳಗೇ ಹೇಳೋಣ. ಎರಡು ಸಲ ಹೇಳೋಕೆ ನಂಗಾಗಲ್ಲ."

ಹಾಲಿನಲ್ಲಿ ಸಂಜೀವಯ್ಯ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸರ್ವಮಂಗಳಮ್ಮ ಸೀದಾ ಅಡುಗೆಮನೆಗೆ ಹೋದರು. ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬಂದಾಗ ಅವರ ಕೈಯಲ್ಲಿ ರವಿಕೆ ಕಣದಲ್ಲಿ ಸುತ್ತಿದ ಗಂಟಿತ್ತು. ಬಿಚ್ಚಿ, ಗಂಡನ ಮುಂದಿನ ಟೀಪಾಯಿಯ ಮೇಲಿಟ್ಟರು. ಹಿತ್ತಾಳೆ ಮೈ, ಕಪ್ಪು ಉಂಗುರ, ಅಂಚಿನಲ್ಲಿ ಕನ್ನಡದಲ್ಲೇ ಕೆತ್ತಿದ 'ಮಂಗಳಾ'.

ಸಂಜೀವಯ್ಯನವರು ಲೆನ್ಸನ್ನೂ ಹೆಂಡತಿಯನ್ನೂ ಸರದಿಯಂತೆ ನೋಡಿದರು.

"ಅಕ್ಕೀಲಿ ಯಾಕಿಟ್ಟಿದ್ದೆ?" ಎಂದರು ಕೊನೆಗೆ.

"ತೇವ ಹಿಡೀಬಾರದು ಅಂತ. ನೀವೇ ಅಲ್ವಾ ಹೇಳೋದು, ತೇವ ಆದ್ರೆ ಗಾಜಿಗೆ ಬೂಷ್ಟು ಬರುತ್ತೆ ಅಂತ."

"ನೀನು... ನೀನು ಯಾಕೆ..."

"ಎಂಟು ವರ್ಷ ಕಣ್ರೀ," ಎಂದರು ಸರ್ವಮಂಗಳಮ್ಮ. ದನಿ ಏರಲಿಲ್ಲ. "ಎಂಟು ವರ್ಷ ದಿನಾ ಸಂಜೆ ಆ ತುಳಸಿ ಕಟ್ಟೆ ಪಕ್ಕ ನಿಲ್ಲಿಸಿದ್ರಿ. 'ಅಲ್ಲಾಡ್ಬೇಡ ಮಂಗಳಾ, ಫೋಕಸ್ ಟೆಸ್ಟ್ ಮಾಡ್ತಿದ್ದೀನಿ.' ನಾನು ಅಲ್ಲಾಡಲಿಲ್ಲ. ಒಲೆ ಮೇಲೆ ಹಾಲು ಉಕ್ಕಿದ್ರೂ ಅಲ್ಲಾಡಲಿಲ್ಲ. ಲೆನ್ಸಿಗೆ ನನ್ನ ಹೆಸರು ಕೆತ್ತಿದ್ರಿ. ಸಂತೋಷ. ಒಂದು ದಿನ ಆದ್ರೂ, 'ಬಾ, ಈ ಕಡೆಯಿಂದ ಹೇಗೆ ಕಾಣುತ್ತೆ ನೋಡು' ಅಂದ್ರಾ?"

ಬೈಲಪ್ಪ ಹೆಂಡತಿಯ ಕಡೆ ನೋಡದೆ ಫ್ಯಾನಿನ ಕಡೆ ನೋಡಿದ.

"ಮಧ್ಯಾಹ್ನ ನೀವು ಮಲಗಿದಾಗ ಹಳೇ ಕ್ಯಾಮೆರಾದಲ್ಲಿ ಕಲಿತೆ. ಅದರ ಕಿಟಕೀಲಿ ಎರಡೆರಡು ತುಳಸಿ ಕಾಣ್ತಿತ್ತು. ತಿರುಗಿಸ್ತಾ ತಿರುಗಿಸ್ತಾ ಒಂದಾಗೋದು. ಒಂದಾದಾಗ ಎಷ್ಟು ಖುಷಿ ಆಗೋದು ಅಂತೀರಿ. ನಾಳೆ ಪುಣೆಯವರು ಬಂದು ಇದನ್ನ ತಗೊಂಡು ಹೋಗಿಬಿಡ್ತಾರೆ. ಅದಕ್ಕೆ ಮುಂಚೆ ಒಂದೇ ಒಂದು ಸಲ ಇದರಲ್ಲಿ ನೋಡೋಣ ಅನ್ನಿಸ್ತು. ಕೇಳಿದ್ರೆ ಕೊಡ್ತಿರಲಿಲ್ಲ. ಗುರುವಾರ ಸಂಜೆ ಪದ್ಮನಾಭನಗರದಿಂದ ಒಂದು ಅಚ್ಚು ಬೆಲ್ಲ ತಂದು ಪೆಟ್ಟಿಗೇಲಿಟ್ಟೆ. ನಾಮಕರಣಕ್ಕೆ ಹೋದೆ. ಕ್ಯಾಮೆರಾ ಹಿಡಿದ ಮುದುಕಿ ಯಾರು ಅಂತ ಒಬ್ಬರೂ ಕೇಳಲಿಲ್ಲ, ಊಟಕ್ಕೆ ಕೂರಿಸಿ ಎರಡು ಸಲ ಹೋಳಿಗೆ ಹಾಕಿದ್ರು. ನಿನ್ನೆ ಬೆಳಿಗ್ಗೆ ವಾಪಸ್ಸು ಇಡೋಣ ಅಂತ ಬಂದ್ರೆ, ನೀವು ಇರುವೆ ನೋಡಿ ಕೂಗಾಡ್ತಾ ಇದ್ರಿ. ಅಷ್ಟರಲ್ಲಿ ಡಿಟೆಕ್ಟಿವ್ ಕರೆಸಿಬಿಟ್ರಿ. ಡಿಟೆಕ್ಟಿವ್ ಮುಂದೆ ಅಕ್ಕಿ ಡಬ್ಬದಿಂದ ಹೇಗೆ ತೆಗೀಲಿ? ನಾಚಿಕೆ ಆಯ್ತು."

ಇಂದ್ರಾಣಿಗೆ ಜಗಳವಾಗುತ್ತದೆ ಎನಿಸಿತು. ಸಂಜೀವಯ್ಯನವರು ತಮ್ಮ ಮೊಬೈಲು ತೆಗೆದು, ತೊಟ್ಟಿಲ ಫೋಟೊವನ್ನು ದೊಡ್ಡದು ಮಾಡಿ, ಬೆಳಿಗ್ಗೆ ಕಳ್ಳನದೆಂದು ನೋಡಿದ್ದನ್ನು ಈಗ ಬೇರೆ ಕಣ್ಣಿನಿಂದ ನೋಡಿದರು.

"ಫೋಕಸ್ ಎಲ್ಲಿ ಇಟ್ಟೆ?"

"ರೆಪ್ಪೆ ಮೇಲೆ."

"ಮಗು ಅಲ್ಲಾಡಲಿಲ್ವಾ?"

"ಅಲ್ಲಾಡ್ತು. ಕಾದೆ."

ಸಂಜೀವಯ್ಯ ತಲೆದೂಗಿದರು. "ನಾನು ತೆಗೆದಿದ್ರೆ ಇಷ್ಟು ಬರ್ತಿರಲಿಲ್ಲ ಮಂಗಳಾ," ಎಂದರು. ಹೆಂಡತಿ ಸೆರಗಿನ ತುದಿಯಿಂದ ಟೀಪಾಯಿಯ ಮೇಲಿಲ್ಲದ ಧೂಳು ಒರೆಸಿದರು.

ಬೈಲಪ್ಪ ಗಂಟಲು ಸರಿಮಾಡಿಕೊಂಡ. "ಆಯ್ತಲ್ಲ ಸಾರ್, ಲೆನ್ಸು ಸಿಕ್ತು, ಕಳ್ಳರೂ ಮನೆಯೋರೇ ಆದ್ರು. ಕೇಸು ಮುಗೀತು. ಇಂದ್ರಾ, ಏಳು, ಊಟದ ಹೊತ್ತು."

ಇಂದ್ರಾಣಿ ಚೀಲ ಎತ್ತಿಕೊಂಡಳು. ಸಂಜೀವಯ್ಯ ನಗುತ್ತಲೇ ಲೆನ್ಸನ್ನು ಕೈಗೆತ್ತಿಕೊಂಡು, ಅಭ್ಯಾಸದಂತೆ ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರು.

ನಗು ನಿಂತಿತು.

ಇನ್ನೊಮ್ಮೆ ತಿರುಗಿಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ. ಕಿವಿಯ ಹತ್ತಿರ ಹಿಡಿದು ಮಗದೊಮ್ಮೆ.

"ಏನಾಯ್ತು? ನಾನು ಬೀಳಿಸಿಲ್ಲ ಕಣ್ರೀ," ಎಂದರು ಸರ್ವಮಂಗಳಮ್ಮ.

"ಗಟ್ಟಿ ಇಲ್ಲ," ಎಂದರು ಸಂಜೀವಯ್ಯ. "ನನ್ನ ಲೆನ್ಸಲ್ಲಿ ಮಧ್ಯದಲ್ಲಿ ಒಂದು ಕಡೆ ಉಂಗುರ ಚೂರು ಗಟ್ಟಿಯಾಗುತ್ತೆ. ಎಷ್ಟು ಉಜ್ಜಿದ್ರೂ ಹೋಗಲಿಲ್ಲ. ಪುಣೆಯವರಿಗೆ ಗೊತ್ತಾಗದೇ ಇರ್ಲಿ ಅಂತ ದಿನಾ ಬೇಡ್ಕೋತಿದ್ದೆ. ಇದರಲ್ಲಿ ಅದಿಲ್ಲ. ಬೆಣ್ಣೆ ಹಾಗೆ ಹೋಗ್ತಿದೆ."

"ಅಕ್ಕೀಲಿಟ್ಟಿದ್ದಕ್ಕೆ ಸರಿ ಹೋಗಿರಬೇಕು," ಎಂದ ಬೈಲಪ್ಪ.

"ಅಲ್ಲ. ಇದು ನಂದಲ್ಲ." ಸಂಜೀವಯ್ಯ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅದೇ ತೂಕ, ಅದೇ ಹನ್ನೆರಡು ಎಲೆ, ಅದೇ ಹೆಸರು. ಯಾರೋ ನನ್ನದನ್ನ ನೋಡ್ಕೊಂಡು ಇನ್ನೊಂದು ಮಾಡಿದ್ದಾರೆ. ಮೇಡಂ, ಹೇಳೋಕೆ ಕಷ್ಟ ಆಗ್ತಿದೆ. ಇದು ನಂದಕ್ಕಿಂತ ಚೆನ್ನಾಗಿದೆ."

ಇಂದ್ರಾಣಿ ಚೀಲವನ್ನು ಕೆಳಗಿಟ್ಟಳು. ಸರ್ವಮಂಗಳಮ್ಮ ಗುರುವಾರ ಸಂಜೆ ಕದ್ದದ್ದೇ ನಕಲಿ ಎಂದಾದರೆ, ಅದಕ್ಕೂ ಮೊದಲೇ, ಮಹಡಿ ಮೇಲೆ ಕಾಫಿ ಕುಡಿಯುತ್ತಾ ಲೆನ್ಸು ಕೈಯಿಂದ ಕೈಗೆ ಹೋಗುವಾಗಲೇ, ಯಾರೋ ಅಸಲಿಯನ್ನು ಜೇಬಿಗಿಳಿಸಿ ಇದನ್ನು ಪೆಟ್ಟಿಗೆಗೆ ಸೇರಿಸಿದ್ದರು.

"ಇಂಥದ್ದು ಮಾಡೋಕೆ ಯಾರಿಗೆ ಬರುತ್ತೆ ಸಾರ್? ಸಿದ್ದರಾಜುಗಾ?"

"ಅವನಿಗೆ ಹಿತ್ತಾಳೆ ಕಡೆಯೋಕೆ ಬರುತ್ತೆ. ಗಾಜು ಮುಟ್ಟೋಕೆ ಬರಲ್ಲ. ಕೈಯಲ್ಲಿ ಈ ಗಾಜು ಉಜ್ಜಬಲ್ಲೋರು ಬೆಂಗಳೂರಲ್ಲಿ ಇದ್ದಿದ್ದೇ ಇಬ್ರು. ಒಬ್ಬ ನಾನು. ಇನ್ನೊಬ್ಬ ರಾಮಪ್ರಸಾದ. ಕಾರ್ಖಾನೇಲಿ ನನ್ನ ಪಕ್ಕದ ಬೆಂಚಲ್ಲೇ ಕೂರ್ತಿದ್ದ."

"ಅವರ ಮನೆ ಎಲ್ಲಿ? ಈಗ್ಲೇ ಹೋಗೋಣ."

ಸಂಜೀವಯ್ಯ ಲೆನ್ಸನ್ನು ನಿಧಾನವಾಗಿ ಟೀಪಾಯಿಯ ಮೇಲಿಟ್ಟರು.

"ಎಲ್ಲಿಗೆ ಹೋಗೋದು ಮೇಡಂ? ಅವನು ಹೋಗಿ ವರ್ಷ ಆಯ್ತು. ಅವನ ವೈಕುಂಠ ಸಮಾರಾಧನೆಗೆ ನಾವಿಬ್ರೂ ಹೋಗಿ ಊಟ ಮಾಡ್ಕೊಂಡು ಬಂದಿದ್ದೀವಿ."

ಬೈಲಪ್ಪ ಬಗ್ಗಿ, ಟೀಪಾಯಿಯ ಮೇಲಿದ್ದ ಲೆನ್ಸನ್ನು, ಅಸಲಿ ಟಿಕೆಟ್ಟೋ ನಕಲಿಯೋ ಎಂದು ನೋಡುವವನ ಹಾಗೆ, ತಿರುಗಿಸಿ ನೋಡಿದ.

"ಊಟ ಮಾಡಿದ್ರಿ, ಸರಿ," ಎಂದ. "ಹೆಣ ನೋಡಿದ್ರಾ?"

ಸಂಜೀವಯ್ಯ ಹೆಂಡತಿಯ ಮುಖ ನೋಡಿದರು. ಹೆಂಡತಿ ಗಂಡನ ಮುಖ ನೋಡಿದರು. ಹೆಣವನ್ನು ಇಬ್ಬರೂ ನೋಡಿರಲಿಲ್ಲ.